ಚಿಟಿಕೆ ಗೋಧಿಯ ಲೆಕ್ಕ

ಸದಕ ಗೋಧಿಗೆ ಈಗ ಹೊಸ ಮರ್ಯಾದೆ ಬಂದಿದೆ. ಮೊದಲು ಹುಗ್ಗಿಗೆ, ಮಾದಲಿಗೆ, ಶಾವಿಗೆಗೆ ಅಂತ ಹಬ್ಬಕ್ಕೊಮ್ಮೆ ನೆನಪಾಗುತ್ತಿದ್ದ ಈ ಕೆಂಗೋಧಿ ಇವತ್ತು ‘ಖಪ್ಲಿ’ ಎಂಬ ಹೆಸರು ಹೊತ್ತು, ಪೇಟೆಯ ಅಂಗಡಿಗಳಲ್ಲಿ ಚಂದದ ಪೊಟ್ಟಣದೊಳಗೆ ಕೂತು, ಸಾದಾ ಗೋಧಿಗಿಂತ ದುಬಾರಿ ಬೆಲೆಗೆ ಹೋಗುತ್ತಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ 1025, ಡಿಡಿಕೆ 1029 ಎಂಬ ತಳಿಗಳನ್ನು ಕೊಟ್ಟು ಈ ಗೋಧಿಯನ್ನು ಹೊಲದಲ್ಲಿ ಉಳಿಸಿದ್ದಾರೆ, ಅದಕ್ಕೆ ಅವರನ್ನು ನೆನೆಯಬೇಕು. ಸದಕದಲ್ಲಿ ನಾರು ಹೆಚ್ಚು, ಉಂಡ ಮೇಲೆ ರಕ್ತದಲ್ಲಿ ಸಕ್ಕರೆ ನಿಧಾನವಾಗಿ ಏರುತ್ತದೆ ಎಂಬ ಮಾತಿಗೂ ಆಧಾರವಿದೆ. ಆದರೆ ಇವುಗಳ ಬೆನ್ನಿಗೇ ಮತ್ತೊಂದು ಮಾತು ಹಬ್ಬಿದೆ: ‘ಇದರಾಗ ಗ್ಲುಟೆನ್ ಇರಂಗಿಲ್ರಿ, ಯಾರು ಬೇಕಾದ್ರೂ ತಿನಬಹುದು.’ ಇದು ಶುದ್ಧ ಸುಳ್ಳು. ಬಹಳ ಮಂದಿಗೆ ಈ ಸುಳ್ಳಿನಿಂದ ಏನೂ ಆಗುವುದಿಲ್ಲ. ಕೆಲವರಿಗೆ ಕರುಳು ಹಾಳಾಗುತ್ತದೆ.

ಆ ಕೆಲವರ ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳ ಗ್ಲುಟೆನ್ ಪ್ರೋಟೀನು ಸಣ್ಣ ಕರುಳಿಗೆ ಇಳಿದಾಗ, ರೋಗದ ವಿರುದ್ಧ ಕಾದಾಡಬೇಕಾದ ದೇಹದ ಕಾವಲು ಪಡೆ ತನ್ನ ಕರುಳಿನ ಮೇಲೇ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಎದ್ದು ನಿಂತು ಆಹಾರದ ಸತ್ವ ಹೀರಬೇಕಾದ ಸಣ್ಣ ಸಣ್ಣ ಕುಡಿಗಳು ಮೊಂಡಾಗುತ್ತವೆ, ಕೊನೆಗೆ ಸಪಾಟಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಎಳೆಯ ಮಕ್ಕಳಲ್ಲಾದರೆ ಭೇದಿ, ಉಬ್ಬಿದ ಹೊಟ್ಟೆ, ನಿಂತುಹೋದ ಬೆಳವಣಿಗೆ. ದೊಡ್ಡವರಲ್ಲಿ ಹೊಟ್ಟೆಯ ತಕರಾರೇ ಇಲ್ಲದೆ ಬರೀ ರಕ್ತಹೀನತೆ ಇರಬಹುದು. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದ ಹೆಣ್ಣುಮಕ್ಕಳಲ್ಲಿ ಕೆಲವರ ಬೇನೆಯ ಬೇರು ಇಲ್ಲಿರುತ್ತದೆ. ಇದಕ್ಕೆ ಇವತ್ತಿನವರೆಗೂ ಇರುವುದು ಒಂದೇ ಮದ್ದು: ಬದುಕಿರುವಷ್ಟು ದಿನ ಗೋಧಿ, ಬಾರ್ಲಿ, ರೈ ಬಿಡುವುದು.

ಪ್ರಯೋಗಶಾಲೆಗಳಲ್ಲಿ ಬೇರೆ ದಾರಿಯ ಹುಡುಕಾಟ ನಡೆದಿದೆ. ಮಜ್ಜಿಗೆ, ಮೊಸರಿನಲ್ಲಿರುವಂಥ ನಿರುಪದ್ರವಿ ಬ್ಯಾಕ್ಟೀರಿಯಾಗಳ ವಂಶವಾಹಿ ತಿದ್ದಿ, ಅವು ಹೊಟ್ಟೆಯೊಳಗೆ ಗ್ಲುಟೆನ್ನನ್ನು ಕತ್ತರಿಸುವಂತೆ, ಇಲ್ಲವೇ ಕರುಳಿನ ಸಿಟ್ಟು ಇಳಿಸುವಂತೆ ಮಾಡುವ ಪ್ರಯತ್ನ ಅದು. ಈ ಸುದ್ದಿ ಕೇಳಿದ ಯಾರೇ ಆಗಲಿ ಮೊದಲು ಕೇಳುವುದು, ‘ಹಂಗಾದ್ರ ಇನ್ನ ಹುಗ್ಗಿ ಉಣಬಹುದೇನ್ರಿ?’ ಉಣ್ಣುವ ಹಾಗಿಲ್ಲ. ಹುಗ್ಗಿಯ ಮಟ್ಟದ ಗೋಧಿಯನ್ನು ಜೀರ್ಣಿಸಿಕೊಡುವ ಬ್ಯಾಕ್ಟೀರಿಯಾ ಹತ್ತಿರದಲ್ಲೆಲ್ಲೂ ಇಲ್ಲ. ಈ ಕೆಲಸ ಕೈಗೂಡಿದರೆ ಅದು ಕಾಯುವುದು ನಮಗೆ ಗೊತ್ತಿಲ್ಲದೆ ಹೊಟ್ಟೆ ಸೇರುವ ಚಿಟಿಕೆ ಗೋಧಿಯಿಂದ. ಅಷ್ಟಕ್ಕೇನಾ ಇಷ್ಟೆಲ್ಲ ಅನ್ನಿಸಬಹುದು. ಆ ಚಿಟಿಕೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಕಲಘಟಗಿಯ ಯಾವುದಾದರೂ ಹಿಟ್ಟಿನ ಗಿರಣಿಯಲ್ಲಿ ಹತ್ತು ನಿಮಿಷ ನಿಲ್ಲಬೇಕು.

ಹಾಗೆ ನೋಡಿದರೆ ಕಲಘಟಗಿ ಗೋಧಿಯ ತಾಲ್ಲೂಕಲ್ಲ. ಹುಬ್ಬಳ್ಳಿಯಿಂದ ಕಾರವಾರದ ರಸ್ತೆ ಹಿಡಿದರೆ ಬಯಲು ಮುಗಿದು ಮಲೆನಾಡು ಶುರುವಾಗುವ ಸೆರಗಿನಲ್ಲಿ ಈ ಊರು. ಇಲ್ಲಿ ಭತ್ತ, ಗೋವಿನಜೋಳ, ಸೋಯಾ, ಹತ್ತಿ. ಗೋಧಿ ಬೆಳೆಯುವ ಎರೆನೆಲ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಗಿದೆ. ಆದರೆ ಬೆಳೆಯದಿದ್ದರೇನು, ತಿನ್ನುವುದಕ್ಕೆ ಗಡಿಯಿಲ್ಲ. ಬೆಳಿಗ್ಗೆ ರವೆಯ ಉಪ್ಪಿಟ್ಟು, ರಾತ್ರಿ ಚಪಾತಿ, ನಡುವೆ ಬಸ್‌ಸ್ಟ್ಯಾಂಡಿನ ಬೇಕರಿಯ ಬನ್ನು, ಟೋಸ್ಟು, ಸಂಜೆ ಗೋಬಿ ಮಂಚೂರಿ. ಬಣ್ಣ ಬಳಿದ ಕಲಘಟಗಿಯ ತೊಟ್ಟಿಲು ನಾಡಿಗೆಲ್ಲ ಹೆಸರುವಾಸಿ. ಆ ತೊಟ್ಟಿಲಲ್ಲಿ ಮಲಗುವ ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ತಿನ್ನಿಸುವ ಮೊದಲ ತುತ್ತುಗಳಲ್ಲೇ ರವೆಯ ಗಂಜಿ ಇರುತ್ತದೆ, ಹಾಲಲ್ಲಿ ಅದ್ದಿದ ಬಿಸ್ಕತ್ತು ಇರುತ್ತದೆ. ಸೀಲಿಯಾಕ್ ತಲೆ ಎತ್ತುವುದು ಹೀಗೆ ಗೋಧಿ ಹೊಟ್ಟೆ ಸೇರಲು ಶುರುವಾದ ಮೇಲೆಯೇ.

ಈಗ ಗಿರಣಿಗೆ ಬರೋಣ. ಒಳಗೆ ಎರಡು ಕಲ್ಲು. ಮೇಲಿನ ಬಾಯಿಗೆ ಕಾಳು ಸುರಿದರೆ ಕೆಳಗೆ ಬಟ್ಟೆಯ ತೋಳಿನಿಂದ ಬಿಸಿ ಹಿಟ್ಟು ಡಬ್ಬಿಗೆ ಬೀಳುತ್ತದೆ. ಒಬ್ಬರದು ಮುಗಿಯುತ್ತಿದ್ದಂತೆ ಇನ್ನೊಬ್ಬರದು, ನಡುವೆ ಯಂತ್ರ ನಿಲ್ಲಿಸುವ ಪದ್ಧತಿಯಿಲ್ಲ. ಕಲ್ಲಿನ ಸಂದಿಯಲ್ಲಿ, ತೋಳಿನ ಮಡಿಕೆಯಲ್ಲಿ ಹಿಂದಿನವರ ಹಿಟ್ಟು ಒಂದಿಷ್ಟು ಉಳಿದೇ ಉಳಿಯುತ್ತದೆ. ಇದೇನೂ ಗುಟ್ಟಲ್ಲ. ಅದಕ್ಕೇ ಖಾರಕ್ಕೆ ಬೇರೆ ಯಂತ್ರ. ಜೋಳದ ಬೆನ್ನಿಗೆ ತಮ್ಮ ಗೋಧಿ ಹಾಕಿದರೆ ಚಪಾತಿ ಹರಿಯುತ್ತದೆಂದು ಗಿರಣಿಯವನ ಜತೆ ಜಗಳಕ್ಕೆ ನಿಲ್ಲುವವರಿದ್ದಾರೆ. ಗೋಧಿಯ ಬೆನ್ನಿಗೆ ಜೋಳ ಬಿದ್ದರೆ ಮಾತ್ರ ಯಾರ ತಕರಾರೂ ಇಲ್ಲ. ಜೋಳದ ಹಿಟ್ಟಿಗೆ ತನ್ನದೇ ಜಿಗಿ ಇಲ್ಲ, ಕುದಿಯುವ ಎಸರು ಹಾಕಿ ನಾದಿದರೇ ಅದು ರೊಟ್ಟಿಗೆ ಒದಗುವುದು. ಒಂಚೂರು ಗೋಧಿ ಸೇರಿ ಜಿಗಿ ಬಂದರೆ ಬಡಿಯುವವರಿಗೆ ಹಗುರವೇ.

ಸೀಲಿಯಾಕ್ ಇದ್ದವರಿಗೆ ಆ ಒಂಚೂರು ಏನಾಗುತ್ತದೆ, ಲೆಕ್ಕ ಹಾಕೋಣ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 3 ಗ್ರಾಂ, ಅಂದರೆ 3,000 ಮಿಲಿಗ್ರಾಂ. ಇಟಲಿಯ ಕಾರ್ಲೋ ಕಟಾಸಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಥ್ಯದಲ್ಲಿದ್ದ ಸೀಲಿಯಾಕ್ ರೋಗಿಗಳು ದಿನಕ್ಕೆ ಬರೀ 50 ಮಿಲಿಗ್ರಾಂ ಗ್ಲುಟೆನ್ನನ್ನು ಮೂರು ತಿಂಗಳು ತಿಂದಾಗ ಅವರ ಕರುಳಿನ ಕುಡಿಗಳು ಕುಗ್ಗಿದ್ದು ಕಂಡುಬಂತು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಬಹುಪಾಲು ರೋಗಿಗಳು ಕ್ಷೇಮ ಎಂಬುದು ವೈದ್ಯರ ಸಾಮಾನ್ಯ ಅಂದಾಜು. 10 ಮಿಲಿಗ್ರಾಂ ಎಂದರೆ ಒಂದು ಚಪಾತಿಯ ಮುನ್ನೂರನೇ ಒಂದು ಪಾಲು. ಇನ್ನು ಗಿರಣಿಯ ಸಂದಿಯಲ್ಲಿ 50 ಗ್ರಾಂ ಗೋಧಿ ಹಿಟ್ಟು ಉಳಿದಿತ್ತು, ಅದರ ಮೇಲೆ ನಿಮ್ಮ 5 ಕಿಲೋ ಜೋಳ ಬಿತ್ತು ಎಂದಿಟ್ಟುಕೊಳ್ಳಿ. ಆ ಜೋಳದ ಹಿಟ್ಟಿನ ಪ್ರತಿ ಕಿಲೋದಲ್ಲಿ 1,000 ಮಿಲಿಗ್ರಾಂ ಗ್ಲುಟೆನ್ ಸೇರಿತು. ‘ಗ್ಲುಟೆನ್ ಮುಕ್ತ’ ಎಂದು ಬರೆದುಕೊಳ್ಳಲು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಐವತ್ತು ಪಟ್ಟು ಹೆಚ್ಚಾಯಿತು. ಆ ಹಿಟ್ಟಿನ ನಾಲ್ಕು ರೊಟ್ಟಿ ತಿಂದ ಕೂಸು, ಗೋಧಿಯನ್ನು ಕಣ್ಣಿನಿಂದಲೂ ನೋಡದೆ, ದಿನದ ಮಿತಿಯ ಇಪ್ಪತ್ತು ಪಟ್ಟು ಗ್ಲುಟೆನ್ ತಿಂದಿರುತ್ತದೆ.

ಗಿರಣಿಯೊಂದೇ ಆದರೆ ಹೇಗೋ ಸುಧಾರಿಸಬಹುದಿತ್ತು. ಸಾರಿನ ಒಗ್ಗರಣೆಗೆ ಹಾಕುವ ಡಬ್ಬಿ ಇಂಗನ್ನು ನೋಡಿ. ಅಪ್ಪಟ ಇಂಗು ಬಹಳ ಖಡಕ್ಕು, ಹಾಗೇ ಬಳಸಲಾಗದು. ಅದಕ್ಕೆ ಬಹುಪಾಲು ಕಂಪನಿಗಳು ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿಯೇ ಮಾರುತ್ತವೆ, ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ ಕೂಡ. ಚಪಾತಿ ಬೇಯಿಸಿದ ಹಂಚು, ಹಿಟ್ಟು ಹಾರಿದ ಕಟ್ಟೆ, ಮದುವೆ ಮನೆಯಲ್ಲಿ ಪೂರಿ ಕರಿದ ಎಣ್ಣೆಯಲ್ಲೇ ತೇಲಿದ ಹಪ್ಪಳ, ಹೀಗೆ ಚಿಟಿಕೆಗಳು ಕೂಡುತ್ತಾ ಹೋಗುತ್ತವೆ. ಪಥ್ಯ ಬಿಟ್ಟಿಲ್ಲ ಎಂದು ದೇವರಾಣೆ ಮಾಡುವ ರೋಗಿಯ ಕರುಳು ವರ್ಷವಾದರೂ ಮಾಯದಿರುವುದು ಇದರಿಂದ. ಸಂಶೋಧಕರು ಬ್ಯಾಕ್ಟೀರಿಯಾದ ಬೆನ್ನು ಹತ್ತಿರುವುದೂ ಇದರಿಂದ.

ನಮ್ಮ ಕಡೆ ಈ ಕಾಯಿಲೆಯೇ ಇಲ್ಲವಲ್ಲ ಎಂಬ ಮಾತು ಬರುತ್ತದೆ. ಒಂದು ಮಟ್ಟಿಗೆ ಹೌದು. ಬಿ.ಎನ್.ಎಸ್. ವಾಲಿಯಾ ಮತ್ತಿತರರು ಉತ್ತರ ಭಾರತದ ಮಕ್ಕಳಲ್ಲಿ ಸೀಲಿಯಾಕ್ ಇರುವುದನ್ನು 1966ರಲ್ಲೇ ವರದಿ ಮಾಡಿದ್ದರು, ಆಮೇಲೂ ದಶಕಗಟ್ಟಲೆ ಇದು ಪಂಜಾಬಿನ ಕಡೆಯ ಕಾಯಿಲೆ ಎಂದೇ ನಮ್ಮಲ್ಲಿ ನಡೆಯಿತು. 2016ರಲ್ಲಿ ಬಿ.ಎಸ್. ರಾಮಕೃಷ್ಣ, ದೆಹಲಿ ಏಮ್ಸ್‌ನ ಗೋವಿಂದ ಮಖಾರಿಯಾ ಮೊದಲಾದವರು ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯ ಗುರುತಾದ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಬರೀ ಶೇ 0.10 ಮಂದಿಯಲ್ಲಿ ಕಂಡವು. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲು ನನಗೆ ಹೆಚ್ಚು ಮುಖ್ಯವೆನ್ನಿಸುತ್ತದೆ. ಸೀಲಿಯಾಕ್‌ಗೆ ಎಡೆ ಮಾಡಿಕೊಡುವ ಡಿಕ್ಯೂ2, ಡಿಕ್ಯೂ8 ಎಂಬ ವಂಶವಾಹಿಗಳು ಮೂರೂ ಕಡೆ ಶೇ 30ಕ್ಕೂ ಹೆಚ್ಚು ಜನರಲ್ಲಿದ್ದವು, ದಕ್ಷಿಣವೇನೂ ಕಡಿಮೆಯಿರಲಿಲ್ಲ. ಕಡಿಮೆ ಇದ್ದದ್ದು ಗೋಧಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ತಿಂದರೆ ದಕ್ಷಿಣದವರು 25 ಗ್ರಾಂ. ಇಪ್ಪತ್ತೈದು ಗ್ರಾಂ ಎಂದರೆ ಒಂದು ಚಪಾತಿಗೂ ಸಾಲದು. ಧಾರವಾಡ ಜಿಲ್ಲೆಯಲ್ಲಿ ಈ ಲೆಕ್ಕಕ್ಕೆ ಒಗ್ಗುವ ಮನೆ ಹುಡುಕುವುದು ಕಷ್ಟ. ‘ದಕ್ಷಿಣ’ ಎಂಬ ಒಂದೇ ಚೀಲದಲ್ಲಿ ಅನ್ನ ಉಣ್ಣುವ ತಮಿಳುನಾಡನ್ನೂ ರೊಟ್ಟಿ–ಚಪಾತಿಯ ಉತ್ತರ ಕರ್ನಾಟಕವನ್ನೂ ತುಂಬಿ, ನಮಗೆ ಈ ಕಾಯಿಲೆ ಬರುವುದಿಲ್ಲ ಎಂದು ವೈದ್ಯರು ನಂಬಿಕೊಂಡರೆ, ಹುಡುಕದೇ ಇದ್ದದ್ದು ಸಿಗುವುದಾದರೂ ಹೇಗೆ?

ಗೋಧಿಯೇ ಕಾರಣ ಎಂಬುದು ಪತ್ತೆಯಾದ ಕಥೆ ಬಹಳ ಜನಕ್ಕೆ ಗೊತ್ತಿರಬಹುದು. ಸಂಕ್ಷೇಪವಾಗಿ ಹೇಳುತ್ತೇನೆ. ನೆದರ್ಲೆಂಡ್ಸಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆಗೆ 1930ರ ದಶಕದಿಂದಲೇ ರೊಟ್ಟಿಯ ಮೇಲೆ ಗುಮಾನಿ ಇತ್ತು. 1944–45ರ ಚಳಿಗಾಲದಲ್ಲಿ ಯುದ್ಧದಿಂದ ಬರಗಾಲ ಬಿದ್ದು, ಬ್ರೆಡ್ಡೇ ಸಿಗದೆ, ಜನ ಹೂವಿನ ಗಡ್ಡೆ ಬೇಯಿಸಿ ತಿಂದರು. ಉಳಿದ ಮಕ್ಕಳು ಸೊರಗಿದಾಗ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ವಾಪಸು ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಡಿಕ್ಕೆ ತನ್ನ ಪ್ರಬಂಧದಲ್ಲಿ ಇದನ್ನು ದಾಖಲಿಸಿದ. ಅದಕ್ಕೆ ಮುಂಚೆ ಅಮೆರಿಕದಲ್ಲಿ ಸಿಡ್ನಿ ಹಾಸ್ ಎಂಬ ವೈದ್ಯ ಬಾಳೆಹಣ್ಣಿನ ಪಥ್ಯ ಹೇಳಿ ಮಕ್ಕಳನ್ನು ಉಳಿಸಿದ್ದ. ಹಣ್ಣಿನ ಗುಣ ಎಂದು ಆತ ತಿಳಿದಿದ್ದ. ಗುಣವಿದ್ದದ್ದು ಗೋಧಿ ಬಿಟ್ಟದ್ದರಲ್ಲಿ.

ಗ್ಲುಟೆನ್ ಯಾಕೆ ಇಷ್ಟು ಹಟಮಾರಿ? ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರಪಳಿ. ಗ್ಲುಟೆನ್ನಿನ ಸರಪಳಿಯಲ್ಲಿ ಪ್ರೋಲಿನ್ ಮತ್ತು ಗ್ಲುಟಮಿನ್ ಎಂಬೆರಡು ಕೊಂಡಿಗಳು ಬೇಕಾದ್ದಕ್ಕಿಂತ ಹೆಚ್ಚು. ನಮ್ಮ ಜಠರದ, ಮೇದೋಜೀರಕದ ಕಿಣ್ವಗಳಿಗೆ ಪ್ರೋಲಿನ್ ಪಕ್ಕದಲ್ಲಿ ಕತ್ತರಿ ಹಾಕಲು ಬರುವುದಿಲ್ಲ. ಹೀಗಾಗಿ ಯಾರ ಹೊಟ್ಟೆಯಲ್ಲೂ ಗ್ಲುಟೆನ್ ಪೂರ್ತಿ ಜೀರ್ಣವಾಗುವುದಿಲ್ಲ, ಉದ್ದುದ್ದ ತುಣುಕುಗಳು ಉಳಿಯುತ್ತವೆ. ಐಐಟಿ ಬಾಂಬೆಯಲ್ಲಿ ಓದಿ ಸ್ಟ್ಯಾನ್‌ಫರ್ಡ್ ಸೇರಿದ ಚೈತನ್ ಖೋಸ್ಲಾ ಅವರ ತಂಡ 2002ರಲ್ಲಿ ಇಂಥ 33 ಕೊಂಡಿಗಳ ಒಂದು ತುಣುಕನ್ನು ಹಿಡಿದು ತೋರಿಸಿತು. ಕರುಳಿನಲ್ಲಿರುವ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಈ ತುಣುಕಿನ ಗ್ಲುಟಮಿನ್ನನ್ನು ಸ್ವಲ್ಪ ಬದಲಾಯಿಸುತ್ತದೆ, ಬದಲಾದ ತುಣುಕು ಡಿಕ್ಯೂ2 ಇರುವವರ ಕೋಶಗಳಿಗೆ ಅಚ್ಚುಕಟ್ಟಾಗಿ ಅಂಟಿಕೊಳ್ಳುತ್ತದೆ, ಅಲ್ಲಿಂದ ಗಲಾಟೆ ಶುರು.

ಸದಕ ಗೋಧಿಯ ಗುಟ್ಟು ಇಲ್ಲಿದೆ. ಸಾದಾ ಚಪಾತಿ ಗೋಧಿಯಲ್ಲಿ ಎ, ಬಿ, ಡಿ ಎಂಬ ಮೂರು ಪೂರ್ವಿಕ ಹುಲ್ಲುಗಳ ವಂಶವಾಹಿ ಕಂತೆಗಳಿವೆ. ಸದಕದಲ್ಲಿ ಎರಡೇ, ಡಿ ಕಂತೆ ಇಲ್ಲ. ಆ 33 ಕೊಂಡಿಗಳ ಕುಖ್ಯಾತ ತುಣುಕು ಬರುವುದು ಡಿ ಕಂತೆಯಿಂದ. ಅಂದಮೇಲೆ ಸದಕದಲ್ಲಿ ಅದಿಲ್ಲ ಎಂಬುದು ನಿಜವೇ. ಈ ಅರ್ಧ ನಿಜವೇ ‘ಗ್ಲುಟೆನ್ ಇರಂಗಿಲ್ರಿ’ ಆಗಿ ಬೆಳೆದಿರಬೇಕು. ಉಳಿದೆರಡು ಕಂತೆಗಳು ತಯಾರಿಸುವ ಬೇರೆ ತುಣುಕುಗಳು ಸದಕದಲ್ಲಿ ಧಾರಾಳ ಇವೆ, ಸೀಲಿಯಾಕ್ ಕರುಳನ್ನು ಕೆಡಿಸಲು ಅವು ಸಾಕು. ಖಪ್ಲಿಯ ಪೊಟ್ಟಣ ಮಾರುವವರು ಇದೊಂದು ಸಾಲನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರೆ ಅವರ ವ್ಯಾಪಾರಕ್ಕೇನೂ ನಷ್ಟವಿಲ್ಲ.

ನಮ್ಮ ಕತ್ತರಿಗೆ ಬಾರದ ಕೆಲಸ ಬೇರೆ ಜೀವಿಗಳ ಕತ್ತರಿಗೆ ಬರುತ್ತದೆ. ಮೊಳಕೆ ಬರುವ ಬಾರ್ಲಿ ತನ್ನ ಪ್ರೋಟೀನನ್ನು ತಾನೇ ಕರಗಿಸಿಕೊಳ್ಳಬೇಕು, ಅದರ ಬಳಿ ಬೇಕಾದ ಕಿಣ್ವವಿದೆ. ಖೋಸ್ಲಾ ಅದನ್ನೂ ಒಂದು ಬ್ಯಾಕ್ಟೀರಿಯಾದ ಕಿಣ್ವವನ್ನೂ ಜೋಡಿಸಿ ಔಷಧ ಮಾಡಿದರು, ಹೆಸರು ಲ್ಯಾಟಿಗ್ಲುಟಿನೇಸ್. 494 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು: ಔಷಧ ನುಂಗಿದವರಿಗೂ ಬರೀ ಸುಳ್ಳು ಗುಳಿಗೆ ನುಂಗಿದವರಿಗೂ ವ್ಯತ್ಯಾಸ ಕಾಣಲಿಲ್ಲ. 2022ರ ಇನ್ನೊಂದು ಸಣ್ಣ ಪರೀಕ್ಷೆಯಲ್ಲಿ, ಆರು ವಾರ ದಿನಕ್ಕೆ 2 ಗ್ರಾಂ ಗ್ಲುಟೆನ್ ಕೊಟ್ಟೇ ನೋಡಿದಾಗ, ಅದೇ ಔಷಧ ಕರುಳಿನ ಹಾನಿಯನ್ನು ತಗ್ಗಿಸಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳು 2011ರಲ್ಲಿ ಇನ್ನೊಂದು ದಾರಿ ಹಿಡಿದರು. ಜಠರದ ಹುಳಿಯಲ್ಲೂ ಕೆಲಸ ಮಾಡುವ ಒಂದು ಕಿಣ್ವವನ್ನು ಕಂಪ್ಯೂಟರಿನಲ್ಲಿ ತಿದ್ದಿ, ಗ್ಲುಟೆನ್ ಕತ್ತರಿಸುವಂತೆ ಮಾಡಿ, ಐಜೆಮ್ ಎಂಬ ಜಾಗತಿಕ ಸ್ಪರ್ಧೆಯ ಮೊದಲ ಬಹುಮಾನ ಗೆದ್ದರು. ಆ ವಿನ್ಯಾಸದ ಹಿಂದಿದ್ದ ಪ್ರಯೋಗಶಾಲೆ ಡೇವಿಡ್ ಬೇಕರ್ ಅವರದು. 2024ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಕಾಲೇಜು ಹುಡುಗರ ಕೆಲಸ ಕಂಪನಿಯಾಗಿ, 2020ರಲ್ಲಿ ಜಪಾನಿನ ಟಕೇಡಾ ಅದನ್ನು ಕೊಂಡಿತು.

ಇವೆಲ್ಲ ಕಿಣ್ವವನ್ನೇ ಗುಳಿಗೆಯಾಗಿ ನುಂಗುವ ವಿಧಾನ. ಪ್ರತಿ ಊಟಕ್ಕೂ ನೆನಪಿಟ್ಟು ನುಂಗಬೇಕು, ದುಬಾರಿಯೂ ಹೌದು. ಕಿಣ್ವ ತಯಾರಿಸುವ ಬ್ಯಾಕ್ಟೀರಿಯಾವನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡರೆ? ಪ್ರಶ್ನೆ ಹುಚ್ಚಿನದಲ್ಲ, ಏಕೆಂದರೆ ಗ್ಲುಟೆನ್ ಕತ್ತರಿಸುವ ಬ್ಯಾಕ್ಟೀರಿಯಾಗಳು ಈಗಾಗಲೇ ನಮ್ಮೊಳಗಿವೆ. ಬಾಸ್ಟನ್‌ನ ಸಂಶೋಧಕರು ಮನುಷ್ಯರ ಜೊಲ್ಲಿನಲ್ಲೇ ರೋಥಿಯಾ ಎಂಬ ಇಂಥದೊಂದನ್ನು ಕಂಡರು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಎಲೆನಾ ವೆರ್ಡು ಅವರ ತಂಡ 2016ರಲ್ಲಿ ಇನ್ನೂ ಕುತೂಹಲದ ಸಂಗತಿ ತೋರಿಸಿತು. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಗ್ಲುಟೆನ್ನನ್ನು ಕತ್ತರಿಸುತ್ತದೆ, ಆದರೆ ಕತ್ತರಿಸಿದ ತುಣುಕು ಮೊದಲಿಗಿಂತ ಹೆಚ್ಚು ಕೆಡುಕು ಮಾಡುತ್ತದೆ. ಅದೇ ತುಣುಕನ್ನು ಲ್ಯಾಕ್ಟೋಬ್ಯಾಸಿಲಸ್ ಮತ್ತಷ್ಟು ಕತ್ತರಿಸಿ ನಿರುಪದ್ರವಿ ಮಾಡುತ್ತದೆ. ಅಂದರೆ ಕತ್ತರಿ ಇದ್ದರೆ ಸಾಲದು, ಸರಿಯಾದ ಜಾಗಕ್ಕೆ ಕತ್ತರಿ ಬೀಳಬೇಕು. ‘ಪ್ರೋಬಯಾಟಿಕ್’ ಎಂದು ಬರೆದ ಯಾವುದೋ ಡಬ್ಬಿ ತಂದು ಕುಡಿದರೆ ಸೀಲಿಯಾಕ್ ವಾಸಿಯಾಗುತ್ತದೆ ಎಂಬ ಜಾಹೀರಾತಿಗೆ ಇಷ್ಟು ಉತ್ತರ ಸಾಕು.

ಇಟಲಿಯ ಬಾರಿಯಲ್ಲಿ ಮಾರ್ಕೊ ಗೊಬೆಟ್ಟಿ ಅವರ ಬಳಗ ಆಯ್ದ ಲ್ಯಾಕ್ಟೋಬ್ಯಾಸಿಲಸ್‌ಗಳ ಜತೆ ಶಿಲೀಂಧ್ರದ ಕಿಣ್ವ ಸೇರಿಸಿ ಗೋಧಿ ಹಿಟ್ಟನ್ನು ಗಂಟೆಗಟ್ಟಲೆ ಹುದುಗಿಸಿ, ಗ್ಲುಟೆನ್ನನ್ನು ನಿಗದಿತ ಮಿತಿಗಿಂತ ಕೆಳಗಿಳಿಸಿದೆ. ಇದನ್ನು ಓದಿ ನಮ್ಮ ರವಾ ದೋಸೆಯ ಹಿಟ್ಟನ್ನು ಎರಡು ದಿನ ಹುಳಿ ಬರಿಸಿದರೆ ಆದೀತೇ ಎಂದು ಯೋಚಿಸಬೇಡಿ, ಆಗುವುದಿಲ್ಲ.

ವಂಶವಾಹಿ ತಿದ್ದುವವರ ಮೊದಲ ಹಾದಿ ನೇರವಾದದ್ದು. ಸ್ಪೇನಿನ ಸಂಶೋಧಕರು 2014ರಲ್ಲಿ ಮಿಕ್ಸೊಕಾಕಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ಪ್ರೋಲಿನ್ ಪಕ್ಕ ಕತ್ತರಿಸುವ ಕಿಣ್ವದ ವಂಶವಾಹಿ ತೆಗೆದು, ಆಹಾರದಲ್ಲಿ ಬಳಕೆಯಲ್ಲಿರುವ ಲ್ಯಾಕ್ಟೋಬ್ಯಾಸಿಲಸ್‌ಗೆ ಸೇರಿಸಿದರು. ಅದು ಕಿಣ್ವವನ್ನು ತಯಾರಿಸಿ ಹೊರಗೆ ಬಿಟ್ಟಿತು. ಪ್ರಯೋಗಶಾಲೆಯ ಪಾತ್ರೆಯಲ್ಲಿ ಎಲ್ಲ ಸುಸೂತ್ರ. ಮನುಷ್ಯನ ಹೊಟ್ಟೆಯಲ್ಲಿ ಹಾಗಿಲ್ಲ. ಜಠರದ ಹುಳಿ ಬ್ಯಾಕ್ಟೀರಿಯಾವನ್ನೇ ಕೊಲ್ಲಬಹುದು. ಬದುಕಿದವೂ ನೆಲೆ ನಿಲ್ಲುವುದು ಸಾಮಾನ್ಯವಾಗಿ ದೊಡ್ಡ ಕರುಳಿನಲ್ಲಿ, ಸೀಲಿಯಾಕ್ ಹಾನಿ ಆಗುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಜಠರ ದಾಟಿದ ಕೂಡಲೇ. ಊಟ ಜಠರದಲ್ಲಿ ಎರಡು–ಮೂರು ಗಂಟೆ ಇದ್ದೀತು, ಅಷ್ಟರೊಳಗೆ ಕತ್ತರಿಸುವ ಕೆಲಸ ಮುಗಿಯಬೇಕು. ನಾಲ್ಕು ಚಪಾತಿಯ 12 ಗ್ರಾಂ ಗ್ಲುಟೆನ್ನಿನಲ್ಲಿ ಶೇ 99ನ್ನು ಕತ್ತರಿಸಿದರೂ 120 ಮಿಲಿಗ್ರಾಂ ಉಳಿಯುತ್ತದೆ, ಅದು ಕ್ಷೇಮದ ಮಿತಿಯ ಹನ್ನೆರಡು ಪಟ್ಟು. ಅದೇ ಗಿರಣಿಯಿಂದ ಸೇರಿದ 200 ಮಿಲಿಗ್ರಾಂನಲ್ಲಿ ಶೇ 99 ಹೋದರೆ ಉಳಿಯುವುದು ಎರಡೇ ಮಿಲಿಗ್ರಾಂ. ಹುಗ್ಗಿಗೆ ಸೋಲುವ ಬ್ಯಾಕ್ಟೀರಿಯಾ ಚಿಟಿಕೆಗೆ ಗೆಲ್ಲಬಹುದು ಎಂದದ್ದು ಈ ಲೆಕ್ಕದಿಂದ.

ಎರಡನೇ ಹಾದಿ ಸುತ್ತಿನದು, ನನ್ನ ಮಟ್ಟಿಗೆ ಹೆಚ್ಚು ಭರವಸೆಯದು. ಗ್ಲುಟೆನ್ನನ್ನು ಅದರಷ್ಟಕ್ಕೆ ಬಿಟ್ಟು, ಅದನ್ನು ಕಂಡರೆ ಕೆರಳುವ ಪಡೆಗೆ ತಾಳ್ಮೆ ಕಲಿಸುವುದು. ಇದರ ತವರು ಬೆಲ್ಜಿಯಮ್ಮಿನ ಘೆಂಟ್. ಅಲ್ಲಿ ಲೋಥಾರ್ ಸ್ಟೈಡ್ಲರ್ 2000ದಲ್ಲಿ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್‌ಗೆ ಉರಿಯೂತ ಶಮನ ಮಾಡುವ ಮಾನವ ದೇಹದ್ದೇ ತರಹದ ಪ್ರೋಟೀನು ತಯಾರಿಸಲು ಕಲಿಸಿ, ಇಲಿಗಳ ಕರುಳಿನ ಊತ ಇಳಿಸಿದ. ಮಜ್ಜಿಗೆ ಕಡೆಯುವ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಬ್ಯಾಕ್ಟೀರಿಯಾ ಜಾತಿ ಅದು. ತಿದ್ದಿದ ಬ್ಯಾಕ್ಟೀರಿಯಾ ಹೊರಗೆ ಬಿದ್ದು ಹಬ್ಬಿದರೆ ಗತಿಯೇನು ಎಂಬ ಭಯಕ್ಕೆ ಆತ ಕಂಡುಕೊಂಡ ಉಪಾಯ ಚುರುಕಾದದ್ದು. ಡಿಎನ್‌ಎ ಕಟ್ಟಲು ಥೈಮಿಡಿನ್ ಬೇಕು, ಅದನ್ನು ತಯಾರಿಸುವ ವಂಶವಾಹಿಯನ್ನೇ ಕಿತ್ತು ಆ ಜಾಗದಲ್ಲಿ ಔಷಧದ ವಂಶವಾಹಿ ಕೂರಿಸಿದ. ಹೊರಗೆ ಥೈಮಿಡಿನ್ ಸಿಗದೆಡೆ ಆ ಬ್ಯಾಕ್ಟೀರಿಯಾ ಸಾಯುತ್ತದೆ. 2006ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕ್ರೋನ್ಸ್ ಎಂಬ ಕರುಳಿನ ಊತದ ಕಾಯಿಲೆಯ ಹತ್ತು ಮಂದಿ ಅದನ್ನು ನುಂಗಿದರು. ವಂಶವಾಹಿ ತಿದ್ದಿದ ಜೀವಂತ ಬ್ಯಾಕ್ಟೀರಿಯಾ ಕರುಳಿನ ಔಷಧವಾಗಿ ಮನುಷ್ಯರ ಹೊಟ್ಟೆಗಿಳಿದ ಆರಂಭದ ಪ್ರಯೋಗಗಳಲ್ಲಿ ಅದೊಂದು.

ಸೀಲಿಯಾಕ್‌ಗೆ ಈ ದಾರಿ ತಿರುಗಿದ್ದು 2009ರಲ್ಲಿ. ಲ್ಯಾಕ್ಟೋಕಾಕಸ್ ಗ್ಲುಟೆನ್ನಿನ ಒಂದು ತುಣುಕನ್ನು ತಾನೇ ಸ್ವಲ್ಪಸ್ವಲ್ಪವಾಗಿ ಸ್ರವಿಸುವಂತೆ ಮಾಡಿ, ಡಿಕ್ಯೂ8 ವಂಶವಾಹಿ ಹಾಕಿದ ಇಲಿಗಳಿಗೆ ಉಣಿಸಿದರು. ಪ್ರತಿದಿನ ಸೌಮ್ಯವಾದ ಸಂಗಾತಿಯ ಜತೆ ಬಂದ ಆ ತುಣುಕಿಗೆ ಇಲಿಗಳ ಪಡೆ ಒಗ್ಗಿಕೊಂಡಿತು, ಮುಂಚಿನಷ್ಟು ಕೆರಳಲಿಲ್ಲ. 2014ರಲ್ಲಿ ವೆರ್ಡು ಅವರ ಬಳಗ ಇದೇ ಬ್ಯಾಕ್ಟೀರಿಯಾದಿಂದ ಎಲಾಫಿನ್ ಎಂಬ ರಕ್ಷಕ ಪ್ರೋಟೀನನ್ನು ಇಲಿಗಳ ಕರುಳಿಗೆ ಮುಟ್ಟಿಸಿತು. ಸೀಲಿಯಾಕ್ ರೋಗಿಗಳ ಕರುಳಿನಲ್ಲಿ ಎಲಾಫಿನ್ ಕಡಿಮೆ ಇರುವುದನ್ನು ಅವರೇ ಗುರುತಿಸಿದ್ದರು. ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ, ಅದು ಈ ಕ್ಷೇತ್ರದ ಹಳೆಯ ಕಹಿ. ಹತ್ತಿರದ ಒಂದು ಉದಾಹರಣೆ ಕೊಡಬಹುದು. ಫಿನೈಲ್‌ಕೀಟೋನ್ಯೂರಿಯಾ ಎಂಬ ಜನ್ಮಜಾತ ಕಾಯಿಲೆಯವರೂ ಜೀವಮಾನವಿಡೀ ಪಥ್ಯದಲ್ಲಿರಬೇಕು. ಅವರಿಗಾಗಿ ಸಿನ್‌ಲಾಜಿಕ್ ಎಂಬ ಅಮೆರಿಕದ ಕಂಪನಿ ಇ. ಕೊಲೈ ನಿಸ್ಲೆ ಎಂಬ ಸಾಧು ತಳಿಯನ್ನು ತಿದ್ದಿತು. ಮೊದಲ ಮಹಾಯುದ್ಧದಲ್ಲಿ ಜತೆಗಾರರೆಲ್ಲ ಭೇದಿಯಿಂದ ಮಲಗಿದಾಗ ಗಟ್ಟಿಯಾಗಿ ನಿಂತಿದ್ದ ಒಬ್ಬ ಜರ್ಮನ್ ಸೈನಿಕನ ಹೊಟ್ಟೆಯಿಂದ ಆಲ್ಫ್ರೆಡ್ ನಿಸ್ಲೆ ತೆಗೆದ ತಳಿ ಅದು. ಮೊದಲ ಹಂತಗಳಲ್ಲಿ ಭರವಸೆ ಹುಟ್ಟಿಸಿದ ಆ ಔಷಧದ ಮೂರನೇ ಹಂತದ ಪರೀಕ್ಷೆಯನ್ನು ಗುರಿ ಮುಟ್ಟುವ ಲಕ್ಷಣವಿಲ್ಲವೆಂದು 2024ರ ಫೆಬ್ರುವರಿಯಲ್ಲಿ ನಿಲ್ಲಿಸಿದರು.

ಇಂಥದ್ದೊಂದು ಗೆದ್ದು ನಮ್ಮ ದೇಶದ ಬಾಗಿಲಿಗೆ ಬಂದರೆ ಅದು ವಂಶವಾಹಿ ತಿದ್ದಿದ ಬದನೆಕಾಯಿ ಹಾದುಬಂದ ಹಾದಿಯಲ್ಲೇ ನಡೆಯಬೇಕಾಗುತ್ತದೆ. ತಿದ್ದಿದ ಸೂಕ್ಷ್ಮಜೀವಿಗಳಿಗೂ ಅನ್ವಯಿಸುವುದು 1989ರ ಪರಿಸರ ನಿಯಮಗಳೇ. ಧಾರವಾಡ ಜಿಲ್ಲೆಗೆ ಇದು ದೂರದ ಮಾತಲ್ಲ. ಕಲಘಟಗಿಯ ಹತ್ತಿ ಹೊಲಗಳಲ್ಲಿ ಬ್ಯಾಕ್ಟೀರಿಯಾದ ವಂಶವಾಹಿ ಹೊತ್ತ ಬಿಟಿ ಹತ್ತಿ ನಿಂತಿದೆ, 2002ರಲ್ಲಿ ಒಪ್ಪಿಗೆ ಪಡೆದದ್ದು. ಮಹಿಕೋ ಕಂಪನಿಯ ಜತೆ ಸೇರಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ನಮ್ಮ ನಾಟಿ ಬದನೆಗಳಿಗೂ ಅದೇ ಬಗೆಯ ವಂಶವಾಹಿ ಸೇರಿಸಿತ್ತು. 2009ರಲ್ಲಿ ಇಂಥ ಬೆಳೆಗಳಿಗೆ ಒಪ್ಪಿಗೆ ಕೊಡುವ ಕೇಂದ್ರದ ಸಮಿತಿ ಒಪ್ಪಿತು. 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆ ಹಾಕಿದರು, ಆ ತಡೆ ತೆರವಾಗಲೇ ಇಲ್ಲ. ಹೊಲದ ಬೆಳೆಗೂ ಒಬ್ಬ ರೋಗಿ ವೈದ್ಯರ ಚೀಟಿ ಹಿಡಿದು ನುಂಗುವ ಔಷಧಕ್ಕೂ ಒಂದೇ ತಕ್ಕಡಿ ಹಿಡಿಯುವುದು ನನಗಂತೂ ಸರಿಕಾಣುವುದಿಲ್ಲ. ಔಷಧಕ್ಕೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಮಲದ ಜತೆ ಹೊರಬಿದ್ದ ಬ್ಯಾಕ್ಟೀರಿಯಾ ಬದುಕುತ್ತದೆಯೇ, ತನ್ನ ಹೊಸ ವಂಶವಾಹಿಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸುತ್ತದೆಯೇ, ನೆಗಡಿಗೂ ಆಂಟಿಬಯಾಟಿಕ್ ನುಂಗುವ ನಮ್ಮ ಊರುಗಳಲ್ಲಿ ಅದು ಹೊಟ್ಟೆಯಲ್ಲಿ ಎಷ್ಟು ದಿನ ಉಳಿದೀತು. ಕೊನೆಯದನ್ನು ಆಮ್‌ಸ್ಟರ್‌ಡ್ಯಾಮಿನವರು ನಮಗಾಗಿ ಪರೀಕ್ಷಿಸಿ ಕೊಡುವುದಿಲ್ಲ.

ಸದ್ಯಕ್ಕೆ ಕಲಘಟಗಿಯಲ್ಲಿ ಆಗಬಹುದಾದದ್ದು ಇಷ್ಟು. ಟಿಟಿಜಿ–ಐಜಿಎ ಎಂಬ ರಕ್ತ ಪರೀಕ್ಷೆ ಇದೆ, ರಕ್ತದ ಮಾದರಿ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಬೇಕಾದೀತು. ಅದು ಅನುಮಾನ ಹುಟ್ಟಿಸಿದರೆ ಎಂಡೋಸ್ಕೋಪಿ ಮಾಡಿ ಕರುಳಿನ ಸಣ್ಣ ಚೂರು ತೆಗೆದು ನೋಡುತ್ತಾರೆ. ಗುಮಾನಿ ಬಂದ ಕೂಡಲೇ ಗೋಧಿ ಬಿಟ್ಟು, ಎರಡು ತಿಂಗಳಾದ ಮೇಲೆ ಪರೀಕ್ಷೆಗೆ ಹೋಗುವವರು ಬಹಳ. ಗೋಧಿ ಬಿಟ್ಟರೆ ರಕ್ತದ ಗುರುತು ಇಳಿಯುತ್ತದೆ, ಕರುಳೂ ಮಾಯಲು ಶುರುವಾಗುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ಪರೀಕ್ಷೆ ಮುಗಿಯುವ ತನಕ ಚಪಾತಿ ತಿನ್ನುತ್ತಿರಬೇಕು. ಕಾಯಿಲೆ ಖಚಿತವಾದ ಮೇಲೆ ಪಥ್ಯದ ಊಟಕ್ಕೆ ನಮ್ಮ ಸೀಮೆಯಷ್ಟು ಅನುಕೂಲದ ಸೀಮೆ ಕಡಿಮೆ. ಜೋಳ, ಸಜ್ಜೆ, ನವಣೆ, ರಾಗಿ, ಇಲ್ಲಿನದೇ ಅಕ್ಕಿ, ಯಾವುದರಲ್ಲೂ ಗ್ಲುಟೆನ್ ಇಲ್ಲ. ಉತ್ತರದ ರೋಗಿಗಳು ಪೊಟ್ಟಣದ ದುಬಾರಿ ಹಿಟ್ಟು ಹುಡುಕುವಾಗ ಇಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಲೆ ತಟ್ಟೆಯಲ್ಲಿರುತ್ತದೆ. ಜೋಳವನ್ನು ಚೆನ್ನಾಗಿ ಆರಿಸಿ ತೊಳೆದು ಒಣಗಿಸಿ, ಮನೆಗಿರಣಿ ಇದ್ದವರು ಅದರಲ್ಲೇ ಬೀಸಿಕೊಳ್ಳಲಿ, ಆ ಗಿರಣಿಗೆ ಗೋಧಿ ತೋರಿಸಕೂಡದು. ಇಲ್ಲದವರು ಬರೀ ಜೋಳ ಬೀಸುವ ಕಲ್ಲು ಯಾರ ಬಳಿ ಇದೆ ವಿಚಾರಿಸಬೇಕು. ಖಾರಕ್ಕೆ ಬೇರೆ ಯಂತ್ರ ಇಟ್ಟ ಗಿರಣಿಯವರಿಗೆ ಇದು ಹೇಳಿದರೆ ತಿಳಿಯದ ಮಾತೇನಲ್ಲ.

ಮನೆಯಲ್ಲಿ ಒಬ್ಬರಿಗೆ ಇದ್ದರೆ ಅಪ್ಪ, ಅವ್ವ, ಒಡಹುಟ್ಟಿದವರು, ಮಕ್ಕಳು ಎಲ್ಲರ ರಕ್ತವನ್ನೂ ಒಮ್ಮೆ ನೋಡಿಸಬೇಕು. ಇಂಥ ಹತ್ತಿರದ ರಕ್ತಸಂಬಂಧಿಗಳಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಈ ಕಾಯಿಲೆ ಇರುತ್ತದೆ, ಅವರಲ್ಲಿ ಹಲವರಿಗೆ ಹೊಟ್ಟೆನೋವಿನ ಸುಳಿವೂ ಇರುವುದಿಲ್ಲ.